ಸಿಟ್ಟಿನ ದರಪಟ್ಟಿ

2011ರ ಅಕ್ಟೋಬರ್ 22. ನಮ್ಮಲ್ಲಿ ದೀಪಾವಳಿಗೆ ಇನ್ನೂ ನಾಲ್ಕು ದಿನ ಬಾಕಿ. ಇಂಗ್ಲೆಂಡಿನ ಚೆಷೈರ್ ಕಡೆಯ ಒಂದು ದೊಡ್ಡ ಮನೆಯಲ್ಲಿ ಮಾತ್ರ ರಾತ್ರಿ ಒಂದು ಗಂಟೆಗೇ ಹಬ್ಬ ಶುರುವಾಗಿಬಿಟ್ಟಿತು. ಶುರುವಾದದ್ದು ಬಚ್ಚಲಿಂದ. ಅದರಲ್ಲೇನೂ ತಪ್ಪಿಲ್ಲ, ನಮ್ಮ ದೀಪಾವಳಿಯೂ ಬಚ್ಚಲಿಂದಲೇ ತಾನೇ? ಹಂಡೆ ತೊಳೆದು, ಬಳ್ಳಿ ಸುತ್ತಿ, ಮೊದಲು ನೀರು ತುಂಬುತ್ತೇವೆ. ಪಟಾಕಿ ಆಮೇಲೆ. ಮ್ಯಾಂಚೆಸ್ಟರ್ ಸಿಟಿ ತಂಡದ ಇಟಾಲಿಯನ್ ಫುಟ್‌ಬಾಲಿಗ ಮಾರಿಯೊ ಬಾಲೊಟೆಲ್ಲಿಯ ಮನೆಯಲ್ಲಿ ಕ್ರಮ ಸ್ವಲ್ಪ ಹಿಂದುಮುಂದಾಯಿತು. ಮೊದಲು ಪಟಾಕಿ ಹಚ್ಚಿದರು. ನೀರು ತುಂಬುವ ಶಾಸ್ತ್ರಕ್ಕೆ ಅಗ್ನಿಶಾಮಕ ದಳದವರೇ ಬರಬೇಕಾಯಿತು.

ಮರುದಿನ ಭಾನುವಾರ ಓಲ್ಡ್ ಟ್ರಾಫರ್ಡ್‌ನಲ್ಲಿ ಪಂದ್ಯ. ಮ್ಯಾಂಚೆಸ್ಟರ್ ಸಿಟಿ, ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅದರ ಮನೆಯಲ್ಲೇ 6-1ರಿಂದ ಚಚ್ಚಿ ಹಾಕಿತು. ಮೊದಲ ಎರಡು ಗೋಲು ಈ ಬಚ್ಚಲುವೀರನದ್ದು. ಮೊದಲನೆಯದು ಹೊಡೆದವನೇ ಜೆರ್ಸಿ ಮೇಲೆತ್ತಿದ. ಒಳಗಿನ ಅಂಗಿಯ ಮೇಲೆ ಮೂರೇ ಪದ: ವೈ ಆಲ್ವೇಸ್ ಮಿ? ಯಾವಾಗಲೂ ನಾನೇ ಯಾಕೆ? ರೆಫರಿ ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ, ಹಳದಿ ಕಾರ್ಡು ತೋರಿಸಿದ.

ಇನ್ನೂ ಸ್ವಾರಸ್ಯ ಮುಂದಿದೆ. ಅದೇ ವಾರ ಮ್ಯಾಂಚೆಸ್ಟರ್ ಪ್ರಾಂತ್ಯದ ಪಟಾಕಿ ಸುರಕ್ಷತಾ ಅಭಿಯಾನಕ್ಕೆ ಒಬ್ಬ ರಾಯಭಾರಿಯನ್ನು ನೇಮಿಸಿದರು. ಯಾರನ್ನು ಎಂದು ಬೇರೆ ಹೇಳಬೇಕೆ? ಪಟಾಕಿ ಹಚ್ಚಿದ್ದು ನಾನಲ್ಲ, ನನ್ನ ಗೆಳೆಯ ಎಂದು ಆತ ಬಡಕೊಂಡ. ಹಚ್ಚಿದವ ಬೇರೆ, ಬಚ್ಚಲು ಕಳಕೊಂಡವ ಬೇರೆ, ಊರಿಗೆ ಬುದ್ಧಿ ಹೇಳುವ ಕೆಲಸ ಮಾತ್ರ ಈತನ ಪಾಲಿಗೆ.

ಪಾಪದ ಹುಡುಗ ಎಂದು ನಾನೇನೂ ಕಣ್ಣೊರೆಸಲು ಕುಳಿತಿಲ್ಲ. ಬಾಲೊಟೆಲ್ಲಿಯ ಸಿಟ್ಟು ಮೂಗಿನ ತುದಿಯಲ್ಲೂ ಅಲ್ಲ, ಮೂಗಿಗಿಂತ ಎರಡು ಅಂಗುಲ ಮುಂದೆಯೇ ಇರುತ್ತಿತ್ತು. ಇಂಟರ್ ಮಿಲಾನ್‌ನಲ್ಲಿದ್ದಾಗ 2010ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಮೊದಲ ಪಂದ್ಯದಲ್ಲಿ ತಂಡ ಬಾರ್ಸಿಲೋನಾವನ್ನು 3-1ರಿಂದ ಸೋಲಿಸಿ ಕುಣಿಯುತ್ತಿದ್ದರೆ, ಈತ ಜೆರ್ಸಿ ಕಿತ್ತು ನೆಲಕ್ಕೆ ಬಿಸಾಕಿ ನಡೆದ. ಕೋಚ್ ಮೊರಿನ್ಯೊ ಇವತ್ತಿಗೂ ಹೇಳಿಕೊಂಡು ನಗುವ ಕಥೆಯೊಂದಿದೆ. ರಷ್ಯಾದ ಕಜಾನ್‌ನಲ್ಲಿ ಪಂದ್ಯ, ಇದ್ದ ಮುಂಪಡೆಯವರೆಲ್ಲ ಗಾಯಾಳುಗಳು, ಬಾಲೊಟೆಲ್ಲಿಗೆ ಆಗಲೇ ಒಂದು ಹಳದಿ ಕಾರ್ಡು. ವಿರಾಮದ ಹದಿನೈದು ನಿಮಿಷದಲ್ಲಿ ಹದಿನಾಲ್ಕನ್ನು ಮೊರಿನ್ಯೊ ಇವನೊಬ್ಬನ ಮುಂದೆಯೇ ಕಳೆದರಂತೆ: ಮಾರಿಯೊ, ಯಾರನ್ನೂ ಮುಟ್ಟಬೇಡ, ಯಾರು ಬೈದರೂ ತಿರುಗಿ ನೋಡಬೇಡ, ರೆಫರಿ ತಪ್ಪು ಮಾಡಿದರೂ ಬಾಯಿ ಬಿಡಬೇಡ. ಮಾರಿಯೊ ತಲೆಯಾಡಿಸಿ ಮೈದಾನಕ್ಕಿಳಿದ. ದ್ವಿತೀಯಾರ್ಧದಲ್ಲಿ ಕೆಂಪು ಕಾರ್ಡು ಹಿಡಿದು ವಾಪಸು ಬಂದ.

2011ರ ಮಾರ್ಚ್‌ನಲ್ಲಿ ಕೀವ್‌ನಲ್ಲಿ ನಡೆದದ್ದಂತೂ ಲೋಕಪ್ರಸಿದ್ಧ. ಪಂದ್ಯಕ್ಕೆ ಮುಂಚಿನ ಅಭ್ಯಾಸಕ್ಕೆ ತೊಡುವ ತೆಳು ಬಿಬ್ ಅಂಗಿ. ಅದಕ್ಕಿರುವುದು ತಲೆಗೊಂದು, ಕೈಗೆರಡು ತೂತು. ಈತ ತಲೆಯನ್ನು ಕೈಯ ತೂತಿಗೆ ತೂರಿಸಿದ. ಹೊರತೆಗೆದ. ತಿರುಗಿಸಿದ. ಒಂದು ಕೈ ಹೋಯಿತು, ಇನ್ನೊಂದು ಕೈ ಒಳಗೇ ದಾರಿ ತಪ್ಪಿತು. ಸುತ್ತ ಎಲ್ಲರೂ ಓಡುತ್ತಿದ್ದರೆ, ಕೋಟಿಗಟ್ಟಲೆ ಪೌಂಡಿನ ಈ ಆಟಗಾರ ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತ ನಿಂತಿದ್ದ. ಕೊನೆಗೆ ಸಿಬ್ಬಂದಿಯೊಬ್ಬರು ಬಂದು, ಶಾಲೆಗೆ ಹೊರಟ ಮಗುವಿಗೆ ತೊಡಿಸುವಂತೆ ತೊಡಿಸಿದರು. ಅದೇ ಪಂದ್ಯದಲ್ಲಿ ಮುಖ ಊದಿಕೊಂಡು ವಿರಾಮದ ಹೊತ್ತಿಗೆ ಆಚೆ ಬಂದ. ಹುಲ್ಲಿನ ಅಲರ್ಜಿ ಎಂದು ಪತ್ರಿಕೆಗಳು ಬರೆದವು. ಮೀನುಗಾರನಿಗೆ ನೀರು ಆಗದಂತೆ!

ಇಷ್ಟೆಲ್ಲದರ ನಡುವೆ 2012ರ ಮೇ 13ರಂದು, ಹೆಚ್ಚುವರಿ ಸಮಯದ ಕೊನೆಯಲ್ಲಿ, ಬೀಳುತ್ತ ಬೀಳುತ್ತಲೇ ಜೊತೆಗಾರ ಅಗ್ವೆರೊಗೆ ಒಂದು ಚೆಂಡು ತಳ್ಳಿದ. ಅಗ್ವೆರೊ ಗೋಲು ಹೊಡೆದ, ಸಿಟಿಗೆ 44 ವರ್ಷಗಳ ಬಳಿಕ ಲೀಗ್ ಪಟ್ಟ ಸಿಕ್ಕಿತು. ಸಿಟಿಗಾಗಿ ಪ್ರೀಮಿಯರ್ ಲೀಗಿನಲ್ಲಿ ಆತ ಗೋಲಿಗೆ ದಾರಿ ಮಾಡಿಕೊಟ್ಟದ್ದು ಅದೊಂದೇ ಸಲ. ಒಂದೇ ಒಂದು ದಾನ, ಅದೂ ನೆಲಕ್ಕೆ ಬಿದ್ದುಕೊಂಡು.

ಮುಂಗೋಪಿ, ಸೋಮಾರಿ, ತಲೆತಿರುಕ. ಇವು ಎಲ್ಲರೂ ಬರೆದಿಟ್ಟ ಲೆಕ್ಕ. ಎಲ್ಲಿ ಕಾರು ನಿಲ್ಲಿಸಿದ, ಯಾರಿಗೆ ಡಾರ್ಟ್ ಎಸೆದ, ಎಷ್ಟು ಗಂಟೆಗೆ ಮಲಗಿದ, ಎಲ್ಲವೂ ದಿನಾಂಕ ಸಮೇತ ಲಭ್ಯ. ನನಗೆ ಕುತೂಹಲ ಇದ್ದದ್ದು ಪುಸ್ತಕದ ಎಡಪುಟದ್ದು. ಆತನಿಗೆ ಬೇರೆಯವರು ಮಾಡಿದ್ದಕ್ಕೆ ಫುಟ್‌ಬಾಲ್ ಲೋಕ ಇಟ್ಟ ಬೆಲೆ ಎಷ್ಟು? ಹುಡುಕಿದೆ. ದರ್ಶಿನಿ ಹೋಟೆಲಿನ ಗೋಡೆಯ ಬೋರ್ಡಿನ ಹಾಗೆ ಸ್ಪಷ್ಟ ದರಪಟ್ಟಿಯೇ ಸಿಕ್ಕಿತು.

2012ರ ಫೆಬ್ರುವರಿ, ಪೋರ್ಚುಗಲ್ಲಿನ ಪೋರ್ಟೊ ತಂಡದ ಮೈದಾನ. ಬಾಲೊಟೆಲ್ಲಿಗೆ ಗ್ಯಾಲರಿಯಿಂದ ಮಂಗನ ಕೂಗು. ಪೋರ್ಟೊ ಕಡೆಯವರ ಸಮಜಾಯಿಷಿ ಕೇಳಬೇಕು: ಅದು ಮಂಗನ ಕೂಗಲ್ಲ, ನಮ್ಮ ಆಟಗಾರ ಹಲ್ಕ್‌ಗೆ 'ಹಲ್ಕ್ ಹಲ್ಕ್' ಎಂದದ್ದು, ಸಿಟಿಯವರು ಅಗ್ವೆರೊನ ಅಡ್ಡಹೆಸರು ಹಿಡಿದು 'ಕುನ್ ಕುನ್' ಎಂದದ್ದು, ಎರಡೂ ಸೇರಿ ಹಾಗೆ ಕೇಳಿಸಿರಬೇಕು! ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ. ಇಲ್ಲಿ ಪಿಳ್ಳೆ ಎರಡು. ಯುರೋಪಿನ ಫುಟ್‌ಬಾಲ್ ದೊರೆ ಯುಇಎಫ್‌ಎ ವಿಚಾರಣೆ ನಡೆಸಿ ಪೋರ್ಟೊಗೆ ಹಾಕಿದ ದಂಡ 20,000 ಯೂರೊ. ಮುಂದಿನ ಸುತ್ತಿನಲ್ಲಿ ಸಿಟಿ ತಂಡ ವಿರಾಮ ಮುಗಿಸಿ ಮೈದಾನಕ್ಕೆ ಒಂದು ನಿಮಿಷದ ಆಸುಪಾಸು ತಡವಾಗಿ ಬಂತು. ದಂಡ? 30,000 ಯೂರೊ. ಬೈಸಿಕೊಂಡ ತಂಡವೇ ಬೈದ ತಂಡಕ್ಕಿಂತ ಹತ್ತು ಸಾವಿರ ಜಾಸ್ತಿ ಕಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಹೇಳಿದ್ದು ಯುಇಎಫ್‌ಎ ಕಡತ ಓದಿಯೇ ಇರಬೇಕು.

ಅದೇ ವರ್ಷದ ಯೂರೊ ಕಪ್‌ನಲ್ಲಿ ಕ್ರೊಯೇಷಿಯಾ ಅಭಿಮಾನಿಗಳು ಇದೇ ಬಾಲೊಟೆಲ್ಲಿಯ ಮೇಲೆ ಜನಾಂಗನಿಂದೆಯ ಮಳೆಗರೆದರು, ಪಟಾಕಿಯನ್ನೂ ಎಸೆದರು. ಅವರಲ್ಲಿ ಯಾರನ್ನೂ ಸುರಕ್ಷತಾ ರಾಯಭಾರಿ ಮಾಡಲಿಲ್ಲ, ಇರಲಿ. ಎಲ್ಲ ಸೇರಿಸಿ ಕ್ರೊಯೇಷಿಯಾ ಫುಟ್‌ಬಾಲ್ ಸಂಸ್ಥೆಗೆ ದಂಡ 80,000 ಯೂರೊ. ಅದೇ ಟೂರ್ನಿಯಲ್ಲಿ ಡೆನ್ಮಾರ್ಕಿನ ಬೆಂಟ್ನರ್ ಗೋಲು ಹೊಡೆದ ಖುಷಿಗೆ ಚಡ್ಡಿಯ ಅಂಚು ಜಗ್ಗಿದ. ಒಳಚಡ್ಡಿಯ ಪಟ್ಟಿಯ ಮೇಲೆ ಪ್ರಾಯೋಜಕರಲ್ಲದ ಬೆಟ್ಟಿಂಗ್ ಕಂಪನಿಯ ಹೆಸರಿತ್ತು. ದಂಡ ಒಂದು ಲಕ್ಷ ಯೂರೊ, ಜೊತೆಗೆ ಒಂದು ಪಂದ್ಯದ ನಿಷೇಧ. ಒಂದು ಗ್ಯಾಲರಿಯ ದ್ವೇಷಕ್ಕಿಂತ ಎರಡಂಗುಲ ಎಲಾಸ್ಟಿಕ್ಕಿಗೆ ಇಪ್ಪತ್ತು ಸಾವಿರ ಹೆಚ್ಚು. ಯಾಕೆಂದರೆ ದ್ವೇಷಕ್ಕೆ ಅಧಿಕೃತ ಪ್ರಾಯೋಜಕರಿಲ್ಲ. ಅದರಿಂದ ಯಾರ ವ್ಯಾಪಾರವೂ ಕೆಡುವುದಿಲ್ಲ.

ಇಂಗ್ಲೆಂಡಿನವರೇನು ಕಮ್ಮಿಯೇ? 2014ರಲ್ಲಿ ಲಿವರ್‌ಪೂಲ್‌ನಲ್ಲಿದ್ದಾಗ ಬಾಲೊಟೆಲ್ಲಿ ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ಗೇಮಿನ ಸೂಪರ್ ಮಾರಿಯೊ ಪಾತ್ರದ ಚಿತ್ರವೊಂದನ್ನು ಹಂಚಿಕೊಂಡ. ಜನಾಂಗಭೇದ ಬೇಡ ಎನ್ನುವುದೇ ಅದರ ಒಕ್ಕಣೆ. ಆದರೆ ಅದನ್ನು ಬರೆದವನ್ಯಾರೋ ತಮಾಷೆ ಮಾಡಲು ಹೋಗಿ ಕರಿಯರನ್ನೂ ಯಹೂದಿಯರನ್ನೂ ಹಳೇ ಹೀಯಾಳಿಕೆಯಲ್ಲೇ ಎಳೆದು ತಂದಿದ್ದ. ದಡ್ಡತನದ ಪೋಸ್ಟು, ಒಪ್ಪೋಣ. ತನ್ನನ್ನು ಸಾಕಿದ ತಾಯಿಯೇ ಯಹೂದಿ ಎಂದು ಆತ ಹೇಳಿದ, ಕ್ಷಮೆಯನ್ನೂ ಕೇಳಿದ. ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆ 25,000 ಪೌಂಡ್ ದಂಡ ಹಾಕಿ, ಒಂದು ಪಂದ್ಯ ಕೂರಿಸಿ, ಜನಾಂಗಭೇದ ಎಂದರೇನು ಎಂಬ ಪಾಠಕ್ಕೂ ಕಳಿಸಿತು. ಆ ವಿಷಯದಲ್ಲಿ ಬಾಲೊಟೆಲ್ಲಿಗೆ ಪಾಠ! ಈಜುವವನಿಗೆ ಒದ್ದೆ ಎಂದರೇನೆಂದು ವಿವರಿಸಿದ ಹಾಗೆ.

ಲಿವರ್‌ಪೂಲಿನ ಇನ್ನೊಂದು ಕಾಗದ ಆಮೇಲೆ ಸೋರಿ ಹೊರಬಂತು. ದುರ್ವರ್ತನೆಗಾಗಿ ವರ್ಷದಲ್ಲಿ ಮೂರು ಸಲ ಹೊರಹಾಕಿಸಿಕೊಳ್ಳದೆ ಇದ್ದರೆ ಹತ್ತು ಲಕ್ಷ ಪೌಂಡ್ ಬೋನಸ್. ಅಂದರೆ ಎರಡರವರೆಗೆ ಸಭ್ಯತೆಯೇ. ಆತ ಲೀಗಿನಲ್ಲಿ ಒಂದೂ ಕೆಂಪು ಕಾರ್ಡು ಪಡೆಯಲಿಲ್ಲ. 16 ಪಂದ್ಯಗಳಲ್ಲಿ ಹೊಡೆದದ್ದು ಒಂದೇ ಗೋಲು. ಶಾಂತಮೂರ್ತಿ ಬೇಕು ಎಂದಿರಿ, ಮೂರ್ತಿಯೇ ಸಿಕ್ಕಿತು.

ಇಷ್ಟಕ್ಕೂ ಈ ಇಟಾಲಿಯನ್ ಫುಟ್‌ಬಾಲಿಗ ಇಟಾಲಿಯನ್ ಆದದ್ದು ಯಾವಾಗ? ಹುಟ್ಟಿದ್ದು 1990ರ ಆಗಸ್ಟ್ 12, ಪಲೆರ್ಮೊದಲ್ಲಿ, ಘಾನಾದಿಂದ ಬಂದ ದಂಪತಿಗೆ. ಮೂರರ ಹೊತ್ತಿಗೆ ಬ್ರೆಷಾ ಕಡೆಯ ಬಾಲೊಟೆಲ್ಲಿ ದಂಪತಿಯ ಮಡಿಲಿಗೆ ಬಂದ. ಬೆಳೆದದ್ದು, ಓದಿದ್ದು, ಒದ್ದದ್ದು ಎಲ್ಲ ಇಟಲಿಯಲ್ಲೇ. ಆದರೆ ಅಲ್ಲಿನ 1992ರ ಕಾಯಿದೆ ಪ್ರಕಾರ ವಿದೇಶಿಯರ ಮಗು ಇಟಲಿಯಲ್ಲೇ ಹುಟ್ಟಿದರೂ ಪೌರತ್ವ ಕೇಳಲು ಹದಿನೆಂಟು ತುಂಬಬೇಕು. ಹಾಗಾಗಿ ಇಂಟರ್ ಪರ ದೇಶದ ಅತಿದೊಡ್ಡ ಲೀಗಿನಲ್ಲಿ ಆಡುತ್ತಿದ್ದ ಹುಡುಗ, ಹದಿನೆಂಟು ತುಂಬಿದ ಮರುದಿನ ಊರಿನ ಪುರಸಭೆಗೆ ಹೋಗಿ ತಾನು ಇಷ್ಟು ದಿನ ಏನಾಗಿದ್ದನೋ ಅದೇ ಆಗಿ ಹೊರಬಂದ. ಕಾಯಿದೆ ಒಪ್ಪಿತು, ಗ್ಯಾಲರಿ ಒಪ್ಪಲಿಲ್ಲ. ಕರಿಯ ಇಟಾಲಿಯನ್ ಎಂಬುವರು ಇಲ್ಲವೇ ಇಲ್ಲ ಎಂಬ ಪಲ್ಲವಿಯನ್ನು 2009ರಲ್ಲಿ ಯುವೆಂಟಸ್ ಅಭಿಮಾನಿಗಳು ಹಾಡಿದರು. ಅದಕ್ಕೆ ಕ್ಲಬ್ಬಿಗೆ ಒಂದು ಪಂದ್ಯ ಖಾಲಿ ಕ್ರೀಡಾಂಗಣದ ಶಿಕ್ಷೆ ಆಯಿತು.

ಆ ಪಲ್ಲವಿ ಒಂದೇ ಒಂದು ರಾತ್ರಿ ನಿಂತದ್ದು ನನಗೆ ಗೊತ್ತು. 2012ರ ಜೂನ್ 28, ವಾರ್ಸಾ, ಯೂರೊ ಸೆಮಿಫೈನಲ್. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು, ಟಿವಿಯ ಸದ್ದು ಅಡಗಿಸಿ ನೋಡಿದ್ದೆ. ಜರ್ಮನಿ ವಿರುದ್ಧ ಎರಡು ಗೋಲು, ಒಂದು ತಲೆಯಿಂದ, ಇನ್ನೊಂದು ಬಲಗಾಲಿನಿಂದ. ಎರಡನೆಯದಕ್ಕೆ ಗೋಲ್‌ಕೀಪರ್ ನೊಯರ್‌ಗೆ ಅಲುಗಲೂ ಪುರಸೊತ್ತು ಸಿಗಲಿಲ್ಲ. ಅಂಗಿ ಕಳಚಿ, ಮಾಂಸಖಂಡ ಬಿಗಿದು, ಮುಖದಲ್ಲಿ ಒಂದು ಗೆರೆಯೂ ಇಲ್ಲದೆ ಗೊಮ್ಮಟನ ಹಾಗೆ ನಿಂತ. (ಹಳದಿ ಕಾರ್ಡು ಬಂತು. ಗೊಮ್ಮಟನ ಕಾಲಕ್ಕೆ ರೆಫರಿ ಇರಲಿಲ್ಲ.) ಆಟ ಮುಗಿದ ಮೇಲೆ ಗ್ಯಾಲರಿಯಲ್ಲಿದ್ದ ಸಾಕುತಾಯಿಯನ್ನು ತಬ್ಬಿಕೊಂಡ. ಆ ರಾತ್ರಿ ಇಟಲಿಗೆ ಇಟಲಿಯೇ ಆತನ ಊರಾಯಿತು. ಕೆಲವೇ ದಿನ ಹಿಂದೆ, ಇಂಗ್ಲೆಂಡ್ ಪಂದ್ಯದ ಹೊತ್ತಿಗೆ, ಇಟಲಿಯ ಕ್ರೀಡಾಪತ್ರಿಕೆ ಗಜೆಟ್ಟಾ ಇದೇ ಹುಡುಗನನ್ನು ಲಂಡನ್ ಗಡಿಯಾರ ಗೋಪುರ ಹತ್ತಿದ ಕಿಂಗ್ ಕಾಂಗ್ ಮಾಡಿ ವ್ಯಂಗ್ಯಚಿತ್ರ ಹಾಕಿ, ಬೈಸಿಕೊಂಡು, ಕ್ಷಮೆ ಕೇಳಿತ್ತು. ಎರಡು ವರ್ಷ ಬಿಟ್ಟು ವಿಶ್ವಕಪ್‌ನಲ್ಲಿ ತಂಡ ಗುಂಪು ಹಂತದಲ್ಲೇ ಗಂಟುಮೂಟೆ ಕಟ್ಟಿದಾಗ, ನೀನು ನಿಜವಾದ ಇಟಾಲಿಯನ್ ಅಲ್ಲ ಎಂಬ ಮಾತು ಮತ್ತೆ ಬಂತು. ಗೋಲು ಹೊಡೆದರೆ ಮನೆಮಗ, ಸೋತರೆ ಬಾಡಿಗೆದಾರ.

ಮನೆಮಗ ಎಂದಾಗ ಬೆರ್ಲುಸ್ಕೋನಿ ನೆನಪಾಗದೆ ಇರುತ್ತಾರೆಯೇ? 2013ರ ಜನವರಿ ಮೊದಲಿಗೆ ಆಗ ಎ.ಸಿ. ಮಿಲಾನ್ ಕ್ಲಬ್ಬಿನ ಒಡೆಯರಾಗಿದ್ದ ಇಟಲಿಯ ಈ ಮಾಜಿ ಪ್ರಧಾನಿ, ಬಾಲೊಟೆಲ್ಲಿ ಒಂದು ಕೊಳೆತ ಸೇಬು, ಬುಟ್ಟಿಯನ್ನೆಲ್ಲ ಕೊಳೆಸುತ್ತಾನೆ ಎಂಬರ್ಥದ ಮಾತಾಡಿದರು. ಅದೇ ತಿಂಗಳ ಕೊನೆಗೆ ಸುಮಾರು ಎರಡು ಕೋಟಿ ಯೂರೊ ಕೊಟ್ಟು ಆ ಸೇಬನ್ನೇ ಮನೆಗೆ ತಂದರು. ನಡುವೆ ಸೇಬಿಗೆ ಏನಾಯಿತು? ಸೇಬಿಗೆ ಏನೂ ಆಗಲಿಲ್ಲ, ಫೆಬ್ರುವರಿಯಲ್ಲಿ ಚುನಾವಣೆ ಇತ್ತು. ಪ್ರಚಾರ ಸಭೆಯೊಂದರಲ್ಲಿ ಅವರ ತಮ್ಮ, ಕ್ಲಬ್ಬಿನ ಉಪಾಧ್ಯಕ್ಷ ಪಾವ್ಲೊ ಅವರು ಹೊಸ ಆಟಗಾರನನ್ನು 'ನಮ್ಮ ಮನೆಯ ಪುಟ್ಟ ಕರಿಯ' ಎಂದು ಅಕ್ಕರೆಯಿಂದ ಕರೆದರು. ಸೇಬು 13 ಲೀಗ್ ಪಂದ್ಯಗಳಲ್ಲಿ 12 ಗೋಲು ಹಾಕಿತು. ಬುಟ್ಟಿ ಕೂದಲೆಳೆಯಲ್ಲಿ ಚುನಾವಣೆ ಸೋತಿತು.

ಆಮೇಲೆ ಆಗಲೇ ಹೇಳಿದ ಲಿವರ್‌ಪೂಲ್, ಅದಾದ ಮೇಲೆ ಫ್ರಾನ್ಸಿನ ನೀಸ್, ಮಾರ್ಸೇ ಕ್ಲಬ್ಬುಗಳು. ಕೊನೆಗೆ 2019ರಲ್ಲಿ ಬೆಳೆದ ಊರು ಬ್ರೆಷಾಕ್ಕೇ ಬಂದ. ನವೆಂಬರ್‌ನಲ್ಲಿ ವೆರೋನಾದಲ್ಲಿ ಮತ್ತದೇ ಮಂಗನ ಕೂಗು. ಬಾಲೊಟೆಲ್ಲಿ ಚೆಂಡನ್ನು ಕೈಗೆತ್ತಿಕೊಂಡು ಗ್ಯಾಲರಿಯತ್ತ ಒದ್ದು, ಮೈದಾನ ಬಿಟ್ಟು ಹೊರಟ. ಎರಡೂ ತಂಡದವರು ತಡೆದು ನಿಲ್ಲಿಸಿದರು. ನನಗೇನೂ ಕೇಳಿಸಲಿಲ್ಲ ಎಂದರು ವೆರೋನಾ ಕೋಚ್. ಅಭಿಮಾನಿಗಳ ಮುಖಂಡನೊಬ್ಬ ಮಾತ್ರ ರೇಡಿಯೊದಲ್ಲಿ ಪ್ರಾಮಾಣಿಕನಾದ: ಇವನು ಪೂರ್ತಿ ಇಟಾಲಿಯನ್ ಆಗಲು ಸಾಧ್ಯವಿಲ್ಲ ಎಂದ. ಕ್ಲಬ್ಬು ಆತನಿಗೆ 2030ರವರೆಗೆ ಬಾಗಿಲು ಹಾಕಿತು.

ಆ ತಿಂಗಳು ಮುಗಿಯುವುದರೊಳಗೆ ಬ್ರೆಷಾದ ಅಧ್ಯಕ್ಷ ಮಾಸ್ಸಿಮೊ ಚೆಲ್ಲಿನೊ ಅವರನ್ನು ಪತ್ರಕರ್ತರು ಕೇಳಿದರು, ಬಾಲೊಟೆಲ್ಲಿಗೆ ಏನಾಗಿದೆ? ಅಧ್ಯಕ್ಷರ ಉತ್ತರ: ಅವನು ಕರಿಯ, ಬೆಳ್ಳಗಾಗಲು ಪ್ರಯತ್ನಪಡುತ್ತಿದ್ದಾನೆ, ಕಷ್ಟವಾಗುತ್ತಿದೆ. ಅದು ತಮಾಷೆ, ತಪ್ಪಾಗಿ ಅರ್ಥವಾಗಿದೆ ಎಂದು ಕ್ಲಬ್ಬು ಹೇಳಿಕೆ ಕೊಟ್ಟಿತು. ಇದಕ್ಕೆ ದರಪಟ್ಟಿಯಲ್ಲಿ ಸಾಲೇ ಇಲ್ಲ, ಯಾಕೆಂದರೆ ಇದು ಸ್ವಂತ ತಂಡದ್ದು.

2020ರ ಜೂನ್. ಅಭ್ಯಾಸಕ್ಕೆ ಬರುವುದಿಲ್ಲ, ಶಿಸ್ತಿಲ್ಲ ಎಂದು ಕ್ಲಬ್ಬು ಬಾಲೊಟೆಲ್ಲಿಯ ಕರಾರು ಮುರಿಯಲು ಹೊರಟಿತ್ತು. ಒಂದು ಬೆಳಗ್ಗೆ ಆತ ಅಭ್ಯಾಸಕ್ಕೆ ಬಂದೇಬಿಟ್ಟ. ಗೇಟಿನಲ್ಲಿ ಕಾವಲಿನವರು ಒಳಗೆ ಬಿಡಲಿಲ್ಲ. ಬರುವುದಿಲ್ಲವೆಂದು ದೂರು, ಬಂದರೆ ಗೇಟು ಬಂದ್. ಯಾವಾಗಲೂ ನಾನೇ ಯಾಕೆ ಎಂಬ ಅಂಗಿ ಆ ದಿನ ಹಾಕಿರಲಿಲ್ಲ ಅಷ್ಟೆ. ಸ್ವಲ್ಪ ಹೊತ್ತು ನಿಂತು, ತಿರುಗಿ ಹೋದ.

ಐದು ವರ್ಷ ಕಳೆದು, 2025ರ ಜೂನ್‌ನಲ್ಲಿ, ಸಂಬಳ ಮತ್ತು ತೆರಿಗೆ ಬಾಕಿಯನ್ನು ಗಡುವಿನೊಳಗೆ ಕಟ್ಟಲಾಗದೆ ಚೆಲ್ಲಿನೊ ಅವರ ಬ್ರೆಷಾ ಲೀಗಿನಿಂದಲೇ ಹೊರಬಿತ್ತು. 1911ರಲ್ಲಿ ಹುಟ್ಟಿದ ಕ್ಲಬ್ಬು. ಆ ಹೊತ್ತಿಗೆ ಬಾಲೊಟೆಲ್ಲಿ ಅಲ್ಲಿ ಇರಲೇ ಇಲ್ಲ. ಬಚ್ಚಲಲ್ಲಿ ಯಾರೂ ಪಟಾಕಿ ಹಚ್ಚಿರಲೂ ಇಲ್ಲ.