ಪರ-ವಿರೋಧ: ಭೇದಿಯಾದ ಕುದುರೆ ಮರಿಯ ವೈರಸ್‌ನ ಜೀನ್ ಓದಿಸಲೇಬೇಕೇ?

ಪರ: ಯಾವ ತಳಿ ಅಂತ ಗೊತ್ತಿಲ್ಲದೆ ಲಸಿಕೆ ಹೇಗೆ?

ಮರಿಗಳಿಗೆ ಭೇದಿ ತರುವ ರೋಟಾವೈರಸ್‌ನ ಆರ್‌ಎನ್‌ಎ, ಅಂದರೆ ಅದರ ಜೀನ್‌ಗಳಿರುವ ಎಳೆ, 11 ತುಂಡುಗಳಲ್ಲಿದೆ. ಕರುಳಿನ ಒಂದೇ ಕೋಶಕ್ಕೆ ಎರಡು ತಳಿ ನುಗ್ಗಿದರೆ ತುಂಡುಗಳು ಅದಲುಬದಲಾಗಿ ಹೊಸ ತಳಿಯೇ ಹುಟ್ಟಬಹುದು. ನನ್ನ ವಾದವೆಲ್ಲ ಇದರ ಮೇಲೆ ನಿಂತಿದೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನ ನವಜಾತ ಶಿಶುಗಳಲ್ಲೇ ಐ321 ಎಂಬ ತಳಿ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ದುರ್ಗಾ ರಾವ್ ಅವರ ತಂಡ ಅದರ ಮೇಲೆ ಕೆಲಸ ಮಾಡಿತು. ಜೀನ್ ನೋಡಿದರೆ 11ರಲ್ಲಿ 9 ತುಂಡು ದನದ ವೈರಸ್‌ನದ್ದು! ಆ ಶಿಶುಗಳಿಗೆ ಭೇದಿಯೂ ಇರಲಿಲ್ಲ. ಜೀನ್ ನೋಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ, ಅಲ್ವಾ?

ವೈರಸ್‌ನ ಹೊರಮೈಯ ಎರಡು ಪ್ರೋಟೀನ್ ನೋಡಿ ಜಿ, ಪಿ ಎಂದು ಗುರುತು ಹಾಕುತ್ತಾರೆ. ಕುದುರೆ ಮರಿಗಳಲ್ಲಿ ಜಾಸ್ತಿ ಸಿಗುವುದು ಜಿ3 ಮತ್ತು ಜಿ14. ಅಮೆರಿಕದಲ್ಲಿ ಹುಟ್ಟುವ ಮರಿಗೆ ರಕ್ಷಣೆ ಸಿಗಲೆಂದು ಗಬ್ಬದ ಕುದುರೆಗೆ 8, 9, 10ನೇ ತಿಂಗಳಲ್ಲಿ ಹಾಕುವ ಲಸಿಕೆ ಜಿ3 ತಳಿಯಿಂದ ಮಾಡಿದ್ದು. ಲಾಯದಲ್ಲಿ ಹರಡುತ್ತಿರುವುದು ಜಿ14 ಆಗಿದ್ದರೆ?

2021ರಲ್ಲಿ ಕೆಂಟಕಿಯಲ್ಲಿ ಹುಟ್ಟಿ ವಾರವೂ ಆಗದ ಮರಿಗಳಿಗೆ ಭೇದಿ ಹತ್ತಿತು. ಮಾಮೂಲಿ ಗುಂಪಾದ ರೋಟಾವೈರಸ್ ಎ ಹುಡುಕುವ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಜೀನ್ ಓದಿದಾಗ ಸಿಕ್ಕಿದ್ದು ಬೇರೆಯೇ ಗುಂಪಿನ ರೋಟಾವೈರಸ್ ಬಿ, ಅದೂ ಮೆಲುಕು ಹಾಕುವ ಪ್ರಾಣಿಗಳ ತಳಿಗೆ ಹತ್ತಿರದ್ದು. ನಮ್ಮ ಊರಾಚೆಯ ಲಾಯಗಳ ಬೇಲಿ ಪಕ್ಕದಲ್ಲೇ ಹಸು, ಕುರಿ ಮೇಯುತ್ತವೆ. ಓದಿಸಲೇಬೇಕು.

ವಿರೋಧ: ಮೊದಲು ಮರಿ ಉಳಿಯಲಿ

ವಿರೋಧ ಬರೆದುಕೊಡಿ ಎಂದರು, ಒಪ್ಪಿದೆ. ಜೀನ್ ಓದುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿ ಮರಿಯ ಲದ್ದಿಯನ್ನೂ ಲ್ಯಾಬಿಗೆ ಹೊರುತ್ತಾ ಕೂತರೆ ಮರಿ ನೋಡುವವರು ಯಾರು?

ಒಮ್ಮೆ ರಾತ್ರಿ ಎರಡು ಗಂಟೆಗೆ ದೊಡ್ಡಬಳ್ಳಾಪುರದ ಕಡೆಯ ಸಣ್ಣ ಲಾಯದಿಂದ ಫೋನ್ ಬಂತು. ಹತ್ತು ದಿನದ ಹೆಣ್ಣು ಮರಿ. ಕಣ್ಣು ಗುಳಿ ಬಿದ್ದಿತ್ತು. ಚರ್ಮ ಎಳೆದು ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಕೆಚ್ಚಲಿಗೆ ಬಾಯಿ ಹಾಕುತ್ತಿರಲಿಲ್ಲ. ಕುದುರೆ ನೋಡಿಕೊಳ್ಳುವ ವಯಸ್ಸಾದ ಸೈಸ್ ಅದರ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಬೆಳಗಿನವರೆಗೂ ಕೂತಿದ್ದರು. ಒಂದು ಕೈ ಡ್ರಿಪ್ ಬಾಟಲಿಯನ್ನು ಎತ್ತಿ ಹಿಡಿದಿತ್ತು, ಸ್ಟ್ಯಾಂಡ್ ಇರಲಿಲ್ಲ. ಜಿ3 ಆದರೂ ಜಿ14 ಆದರೂ ಹಾಕುವ ಡ್ರಿಪ್ ಅದೇ. ಬೆಳಕು ಹರಿಯುವಾಗ ಮರಿ ತಡವರಿಸುತ್ತಾ ಎದ್ದು ತಾಯಿಯ ಹೊಟ್ಟೆ ಕೆಳಗೆ ಮೂತಿ ತೂರಿಸಿತು. "ಎದ್ಲು ನೋಡಿ ಸಾರ್" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮೂರನೇ ದಿನ ಪಕ್ಕದ ಲಾಯದ ಮರಿಗೂ ಭೇದಿ ಶುರುವಾಯಿತು. ಎರಡಕ್ಕೂ ಒಂದೇ ಬಕೆಟ್, ಒಂದೇ ಪೊರಕೆ. ಈ ವೈರಸ್ ಲದ್ದಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲದ್ದಿ ಮೆತ್ತಿದ ನೆಲಕ್ಕೆ ಬ್ಲೀಚಿಂಗ್ ಪೌಡರ್ ಸುರಿದರೆ ಪೌಡರ್‌ನ ಶಕ್ತಿಯೇ ಅಲ್ಲಿ ಕರಗುತ್ತದೆ. ಮೊದಲು ಉಜ್ಜಿ ತೊಳೆಯಬೇಕು.

ಕೈಯಲ್ಲಿ ದುಡ್ಡಿದ್ದರೆ ನಾನು ಮೊದಲು ಕೊಳ್ಳುವುದು ಲಾಯಕ್ಕೊಂದು ಬಕೆಟ್, ಒಂದು ಪೊರಕೆ, ಆಮೇಲೆ ಆ ಸೈಸ್‌ಗೆ ಒಂದು ಡ್ರಿಪ್ ಸ್ಟ್ಯಾಂಡ್.