ಬೀಳುವ ಮೊದಲು ಫೋಟೊ ತೆಗೆಯಿರಿ

ಬಾಂಬೆ ಹೈಕೋರ್ಟು ರಸ್ತೆ ಗುಂಡಿಗಳಿಗೆ ರೇಟು ಕಟ್ಟಿದ್ದು ನಿಮಗೆ ಗೊತ್ತೇ ಇದೆ. 2025ರ ಅಕ್ಟೋಬರಿನ ಮಾತು. ಗುಂಡಿಗೋ ಬಾಯಿ ತೆರೆದ ಮ್ಯಾನ್‌ಹೋಲಿಗೋ ಬಿದ್ದು ಸತ್ತರೆ 6 ಲಕ್ಷ. ಗಾಯವಾದರೆ 50 ಸಾವಿರದಿಂದ ಎರಡೂವರೆ ಲಕ್ಷ. ಅದನ್ನು ಓದಿದ ದಿನದಿಂದ ನನಗೆ ಹೊಟ್ಟೆಕಿಚ್ಚು. ನಾನೂ ಬಿದ್ದವನೇ. ಆದರೆ ತಪ್ಪು ರಾಜ್ಯದಲ್ಲಿ ಬಿದ್ದುಬಿಟ್ಟೆ.

ಹಾಗಂತ ನಮ್ಮ ಕಡೆ ರೇಟಿಲ್ಲ ಅಂದುಕೊಳ್ಳಬೇಡಿ. 2019ರಲ್ಲಿ ನಮ್ಮ ಹೈಕೋರ್ಟು ಕಿವಿ ಹಿಂಡಿದ ಮೇಲೆ ಆಗಿನ ಬಿಬಿಎಂಪಿಯೂ ಒಂದು ಪಟ್ಟಿ ಮಾಡಿತು. ಸತ್ತರೆ 3 ಲಕ್ಷ. ಗಾಯವಾದರೆ 5 ಸಾವಿರದಿಂದ ಶುರು, ಏನೇ ಮುರಿದುಕೊಂಡರೂ 15 ಸಾವಿರಕ್ಕೆ ಸಮಾಪ್ತಿ. 30 ದಿನದೊಳಗೆ ಅರ್ಜಿ ಹಾಕಬೇಕು. ಈಗ ಗುದ್ದಿ ಓಡಿಹೋದ ವಾಹನಕ್ಕೆ ಸಿಕ್ಕವರಿಗೆ ಕೇಂದ್ರ ಸರ್ಕಾರ ಮಾಡಿದ ಪಟ್ಟಿ ನೋಡಿ. 2022ರಿಂದ ಅದರಲ್ಲಿ ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ. ಅಂದರೆ ಸಾಯುವುದಿದ್ದರೆ ಗುಂಡಿಯಲ್ಲಿ ಸಾಯಿರಿ, ಬದುಕುವುದಿದ್ದರೆ ಅಪರಿಚಿತ ಲಾರಿಗೆ ಸಿಕ್ಕಿ ಬದುಕಿ. ಮನೆಯಿಂದ ಹೊರಡುವಾಗಲೇ ಇದನ್ನು ನಿರ್ಧಾರ ಮಾಡಿಕೊಂಡರೆ ಒಳ್ಳೆಯದು.

ಗುದ್ದಿದ ಲಾರಿ ಓಡಿಹೋಗುತ್ತದೆ, ಅದನ್ನು ಹಿಡಿಯುವುದು ಕಷ್ಟ, ಒಪ್ಪೋಣ. ಗುಂಡಿ ಎಲ್ಲಿಗೆ ಓಡಿಹೋಗುತ್ತೆ? ಪಾಪ, ಬೀಳಿಸಿ ಅಲ್ಲೇ ಇರುತ್ತೆ. ಮಾರನೇ ದಿನವೂ ಇರುತ್ತೆ. ಇಷ್ಟು ವಿಧೇಯ ಆರೋಪಿಯನ್ನು ನಮ್ಮ ದೇಶದ ಯಾವ ಠಾಣೆಯೂ ನೋಡಿರಲಿಕ್ಕಿಲ್ಲ.

ನಾನು ಬಿದ್ದದ್ದು ಯಾವ ಊರಿನ ಯಾವ ರಸ್ತೆಯಲ್ಲಿ ಅಂತ ಹೇಳುವುದಿಲ್ಲ. ನನ್ನ ಪರಿಹಾರದ ಅರ್ಜಿ ಇನ್ನೂ ಕಚೇರಿಯವರ ಮೇಜಿನ ಮೇಲಿದೆ. ಎತ್ತಲು ಮೂವರು ಓಡಿಬಂದರು. ಒಬ್ಬರು ಸ್ಕೂಟರ್ ಎತ್ತಿದರು, ಒಬ್ಬರು ನೀರು ಕೊಟ್ಟರು. ಮೂರನೆಯವರು ಸೊಂಟದ ಮೇಲೆ ಕೈಯಿಟ್ಟು, "ಸಾರ್, ಇಲ್ಲಿ ದಿನಕ್ಕೆ ಇಬ್ಬರಾದರೂ ಬೀಳ್ತಾರೆ" ಅಂದರು. ಊರ ದೇವಸ್ಥಾನದ ಮಹಿಮೆ ಹೇಳುವವರ ಮುಖದಲ್ಲಿ ಇರುತ್ತಲ್ಲ, ಆ ಕಳೆ.

ಭುಜದ ಲಿಗಮೆಂಟ್ ಹರಿದಿತ್ತು. ಸ್ನಾನದ ಚೊಂಬು ಎತ್ತಲಾಗದೆ ಮೂರು ವಾರ ಕಳೆದೆ. ಆಸ್ಪತ್ರೆಯವರು ಕೊಟ್ಟ ಗಾಯದ ಪತ್ರ, ಅಂದರೆ ವೂಂಡ್ ಸರ್ಟಿಫಿಕೇಟ್, ತೆರೆದು ನೋಡಿದರೆ 'ಸಿಂಪಲ್', ಸಾಮಾನ್ಯ ಗಾಯ ಅಂತಿತ್ತು. ಕಾನೂನಿನ ಪ್ರಕಾರ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದು ತೀವ್ರ ಗಾಯ. ಹಲ್ಲು ಮುರಿದರೂ ತೀವ್ರ. ಲಿಗಮೆಂಟ್‌ಗೆ ಆ ಭಾಗ್ಯವಿಲ್ಲ. ಇನ್ನೊಂದು ದಾರಿ ಇದೆ: ಇಂತಿಷ್ಟು ದಿನ ವಿಪರೀತ ನೋವು ಅನುಭವಿಸಿದರೆ ಅದೂ ತೀವ್ರವೇ. ಹಳೆಯ ದಂಡ ಸಂಹಿತೆಯಲ್ಲಿ 20 ದಿನ ಇತ್ತು. 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು 15ಕ್ಕೆ ಇಳಿಸಿತು. ಐದು ದಿನದ ನೋವು ಮಾಫಿ ಮಾಡಿದ ಸರ್ಕಾರಕ್ಕೆ ನಾನು ಋಣಿ. ಆದರೆ ಡಾಕ್ಟರು ನನ್ನನ್ನು ನೋಡಿ ಬರೆದುಕೊಂಡದ್ದು ಬಿದ್ದ ದಿನವೇ. ಹದಿನೈದು ದಿನ ನರಳುತ್ತೇನೆ ಅಂತ ಅವರಿಗೆ ಕನಸು ಬೀಳುತ್ತಾ?

ಹಲ್ಲಿನ ಮಾತು ಬಂತಲ್ಲ, ಚಂಡೀಗಢದ್ದು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ನಾಯಿ ಕಚ್ಚಿದರೆ ಒಂದು ಹಲ್ಲಿನ ಗುರುತಿಗೆ ಕನಿಷ್ಠ 10 ಸಾವಿರ ಕೊಡಿ ಅಂದಿತು. ಮಾಂಸ ಕಿತ್ತು ಬಂದಿದ್ದರೆ 0.2 ಸೆಂಟಿಮೀಟರಿಗೆ 20 ಸಾವಿರ. ನನಗಂತೂ ಈ ತೀರ್ಪು ತುಂಬಾ ಇಷ್ಟ. ಇದರಲ್ಲಿ ಲೆಕ್ಕವಿದೆ, ಚಿನ್ನದಂಗಡಿಯ ಶಿಸ್ತಿದೆ. ಆದರೆ ಅಳೆಯುವವರು ಯಾರು? ಆರೋಗ್ಯ ಇಲಾಖೆಯವರೋ, ಸರ್ವೇಯರೋ? ಬೊಚ್ಚು ಬಾಯಿಯ ಮುದಿ ನಾಯಿ ಕಚ್ಚಿದರೆ ಬಡವನಿಗೆ ನಷ್ಟ ಅಲ್ವಾ? ಇತ್ತ ಕರ್ನಾಟಕ ಸರ್ಕಾರ 2025ರ ಕೊನೆಗೆ ಬೀದಿ ನಾಯಿ ಕಡಿತಕ್ಕೆ ಪರಿಹಾರ ಘೋಷಿಸಿತು. ಗಾಯಕ್ಕೆ 5 ಸಾವಿರ. ಅದರಲ್ಲಿ ಕಚ್ಚಿಸಿಕೊಂಡವನ ಕೈಗೆ 3,500, ಉಳಿದ 1,500 ಚಿಕಿತ್ಸೆಯ ಬಾಬ್ತಿಗೆ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಇಲ್ಲಿ ಹಲ್ಲು ಎಣಿಸುವ ಗೋಜಿಲ್ಲ. ನಾಲ್ಕು ಹಲ್ಲೂರಿಸಿಕೊಂಡ ನಮ್ಮವನು ಚಂಡೀಗಢಕ್ಕೆ ಹೋಗಿ ಕಚ್ಚಿಸಿಕೊಂಡಿದ್ದರೆ ರೈಲು ಚಾರ್ಜು ಕಳೆದೂ ಮೂವತ್ತು ಸಾವಿರ ಮಿಗುತ್ತಿತ್ತು.

ಇರಲಿ, ಗುಂಡಿಗೆ ವಾಪಸ್ ಬರೋಣ. ಠಾಣೆಯಲ್ಲಿ ದೂರು ಕೊಡಲು ಹೋದೆ. ದಫೇದಾರರು ಒಳ್ಳೆಯವರು, ಟೀ ತರಿಸಿದರು. "ಮೇಷ್ಟ್ರೇ, ಎದುರುಗಡೆ ಗಾಡಿ ಯಾವುದು?" ಯಾವುದೂ ಇಲ್ಲ, ಗುಂಡಿ. "ಅಂದ್ರೆ ನೀವೇ ಬಿದ್ರಿ. ಕೇಸ್ ಹಾಕಿದ್ರೆ ನಿಮ್ಮ ಮೇಲೇ ಹಾಕಬೇಕಾಗುತ್ತೆ, ಅಜಾಗರೂಕ ಚಾಲನೆ ಅಂತ. ನೋಡಿ ಹೇಳಿ, ಹಾಕ್ಲಾ?" ಟೀ ಕುಡಿದು ಬಂದೆ.

ಆಮೇಲೆ ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ನನ್ನ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು. "ಸಾರ್, ಇದರಲ್ಲಿ ಗುಂಡಿ ಇದೆ. ನೀವೆಲ್ಲಿ?" ನಾನು ಆಸ್ಪತ್ರೆಯಲ್ಲಿದ್ದೆ, ಮಗ ಹೋಗಿ ತೆಗೆದ ಫೋಟೊ ಅಂದೆ. "ಬಿದ್ದಾಗಲೇ ತೆಗೀಬೇಕಿತ್ತು." ಬಿದ್ದಾಗ ಕೈ ಎತ್ತಲು ಆಗುತ್ತಿರಲಿಲ್ಲ ಸ್ವಾಮಿ. ಅವರು ಸ್ವಲ್ಪ ಯೋಚಿಸಿ ಬಹಳ ಪ್ರಾಮಾಣಿಕವಾಗಿ ಹೇಳಿದರು: "ಹಾಗಾದ್ರೆ ಬೀಳೋ ಮೊದಲು."

ಸ್ಥಳ ಪರಿಶೀಲನೆಗೆ ಇಂಜಿನಿಯರ್ ಬರುವ ಹಿಂದಿನ ರಾತ್ರಿ ಗುಂಡಿಗೆ ಜಲ್ಲಿ, ಡಾಂಬರು ಬಿತ್ತು. ಎರಡು ವರ್ಷ ಬೀದಿಯವರೆಲ್ಲ ಕೈಮುಗಿದರೂ ಆಗದ ಕೆಲಸ ಒಂದು ಪರಿಹಾರದ ಅರ್ಜಿಯಿಂದ ಆಯಿತು. "ಇಲ್ಲಿ ಗುಂಡಿನೇ ಇಲ್ವಲ್ಲ ಸಾರ್" ಅಂದರು ಅವರು, ಬಿಸಿ ಆರದ ಡಾಂಬರಿನ ಮೇಲೆ ನಿಂತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತೇವೆ. ಇಲ್ಲಿ ಬಿದ್ದದ್ದು ನಾನು, ಮೀಸೆ ಅವರದು.

ಇದು ನನ್ನ ಕಥೆ. ನಗಬಹುದಾದ ಕಥೆ, ಏಕೆಂದರೆ ನಾನು ಎದ್ದು ಮನೆಗೆ ಬಂದೆ. ಗುಂಡಿ ತಪ್ಪಿಸಲು ಹೋಗಿ ಆಯತಪ್ಪಿ, ಹಿಂದಿನಿಂದ ಬಂದ ಲಾರಿಯ ಚಕ್ರಕ್ಕೆ ಸಿಕ್ಕವರ ಸುದ್ದಿ ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ಕೇಸು ಲಾರಿ ಚಾಲಕನ ಮೇಲೆ. ಕಡತದಲ್ಲಿ ಗುಂಡಿ ಇರುವುದಿಲ್ಲ. ಅದನ್ನು ಅಗೆದವನು, ಮುಚ್ಚದೆ ಬಿಲ್ಲು ಪಾಸು ಮಾಡಿಸಿಕೊಂಡವನು, ಸಹಿ ಹಾಕಿದವನು ಯಾರೂ ಇರುವುದಿಲ್ಲ. ಆಮೇಲೆ ಮನೆಯವರು ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ಕೂತು ಸತ್ತವಳ ಸಂಬಳದ ಚೀಟಿ ಹುಡುಕಬೇಕು. ವಯಸ್ಸು 25ರ ಒಳಗಿದ್ದರೆ ವರ್ಷದ ಆದಾಯಕ್ಕೆ ಗುಣಕ 18, ಐವತ್ತೆರಡಾಗಿದ್ದರೆ 11. ಈ ಗುಣಾಕಾರ ಬೇಕು, ನ್ಯಾಯಾಲಯ ಬೇರೇನು ಮಾಡೀತು? ಆದರೆ ಒಂದು ಬುಟ್ಟಿ ಜಲ್ಲಿ ಹಾಕಿದ್ದರೆ ಈ ಗುಣಾಕಾರವೇ ಬೇಕಿರಲಿಲ್ಲ. ಇದನ್ನು ತಮಾಷೆಯಾಗಿ ಹೇಳಲು ನನಗೆ ಬರುತ್ತಿಲ್ಲ. ಸಾಕಾಗಿದೆ.

ಬಾಂಬೆ ಹೈಕೋರ್ಟು ಒಂದು ಒಳ್ಳೆಯ ಮಾತೂ ಸೇರಿಸಿದೆ: ಕೊಟ್ಟ ಹಣವನ್ನು ಹೊಣೆಗಾರ ಅಧಿಕಾರಿ, ಗುತ್ತಿಗೆದಾರರಿಂದ ವಸೂಲಿ ಮಾಡಬೇಕು ಅಂತ. ನಮ್ಮಲ್ಲಿ ಆ ಹೊಣೆಗಾರ ಯಾರು? ರಸ್ತೆ ಪಾಲಿಕೆಯದು, ಅಗೆತ ಜಲಮಂಡಳಿಯದು, ಮತ್ತೆ ಅಗೆತ ವಿದ್ಯುತ್‌ನವರದು, ಕೇಬಲ್ ಇನ್ಯಾರದೋ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಪಾಲಿಕೆಗಳೇ ಐದು, ಮೇಲೊಂದು ಪ್ರಾಧಿಕಾರ. ಗಡಿಯ ಮೇಲೆ ಬಿದ್ದವರು ತಲೆ ಯಾವ ಪಾಲಿಕೆಯಲ್ಲಿತ್ತು, ಕಾಲು ಯಾವುದರಲ್ಲಿತ್ತು ಅಂತ ನೆನಪಿಟ್ಟುಕೊಳ್ಳಿ.

ನಮ್ಮ ಬೀದಿಯ ಹೊಸ ಡಾಂಬರು ನಾಲ್ಕೇ ಮಳೆಗೆ ಎದ್ದುಹೋಯಿತು. ಕಳೆದ ವಾರ ಎದುರು ಮನೆಯ ರಾಯರು ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡು ಬಂದರು. "ಮೇಷ್ಟ್ರೇ, ನಿಮ್ಮ ಹತ್ರ ಆ ಗುಂಡಿ ಫೋಟೊ ಇದೆಯಂತಲ್ಲ, ಸ್ವಲ್ಪ ವಾಟ್ಸಾಪ್ ಮಾಡ್ತೀರಾ?"

ಅದು ಹಳೇದು ರಾಯರೇ ಅಂದೆ.

"ಪರವಾಗಿಲ್ಲ ಬಿಡಿ, ಗುಂಡಿ ಅದೇ ಅಲ್ವಾ."