ಎರಡು ಕುಂಡ ಕರಿಬೇವಿಗೆ ಸಾವಿರ ವ್ಯಾಟ್ ಯಾಕೆ?

ಚಳಿ ಶುರುವಾಯ್ತು ಅಂದ್ರೆ ಅಮೆರಿಕದಲ್ಲಿರೋ ನಮ್ಮ ಜನರದ್ದು ಒಂದೇ ಪ್ರಶ್ನೆ. ಕರಿಬೇವಿನ ಗಿಡ ಒಳಗೆ ತಂದಾಯ್ತು, ಯಾವ ಲೈಟ್ ತಗೊಳ್ಳೋದು? ಯಾರಾದರೊಬ್ಬರು ಸಾವಿರ ವ್ಯಾಟಿನ ಸೋಡಿಯಂ ದೀಪ ತೋರಿಸೇ ತೋರಿಸುತ್ತಾರೆ. ದಯವಿಟ್ಟು ಬೇಡ.

ಸೋಡಿಯಂ ಕೆಟ್ಟದ್ದು ಅಂತಲ್ಲ. ಎಲ್‌ಇಡಿ ಬರೋ ಮೊದಲು ಬೆಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಬೆಳಕು ಬೀಳುತ್ತಿತ್ತಲ್ಲ, ಅದೇ ಜಾತಿ. ನೆದರ್‌ಲ್ಯಾಂಡ್ಸ್, ಐಸ್‌ಲ್ಯಾಂಡಿನ ಗಾಜಿನ ಮನೆಗಳಲ್ಲಿ ಇದರ ಕೆಳಗೇ ಟೊಮೆಟೊ ಬೆಳೆದಿದ್ದಾರೆ. ಅಲ್ಲಿನ ಚಳಿಗೆ ಇದರ ಬಿಸಿಯೂ ಲಾಭವೇ. ಆದರೆ ಮನೆಯ ಹಾಲ್‌ನಲ್ಲಿ? ಸಾವಿರ ಬಿಡಿ, 400 ವ್ಯಾಟಿನ ಬಲ್ಬೇ ಬ್ಯಾಲಸ್ಟ್ (ಟ್ಯೂಬ್‌ಲೈಟಿನ ಚೋಕ್ ಥರದ್ದು) ಸೇರಿ ಸುಮಾರು 450 ವ್ಯಾಟ್ ಎಳೆಯುತ್ತದೆ. ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ 190 ಯೂನಿಟ್ ಹತ್ತಿರ ಹೋಗುತ್ತದೆ. ಒಮ್ಮೆ ಆರಿದರೆ ಬಲ್ಬ್ ತಣ್ಣಗಾಗೋವರೆಗೆ ಮತ್ತೆ ಹೊತ್ತಿಕೊಳ್ಳೋದೂ ಇಲ್ಲ. ಇದೇ ಥರದ ಇನ್ನೊಂದು ದೀಪ ಮೆಟಲ್ ಹ್ಯಾಲೈಡ್, ಅದರ ಬೆಳಕು ಬಿಳಿ, ಸ್ವಲ್ಪ ನೀಲಿ ಕಡೆಗೆ. ಎಲೆಗೆ ಚೆನ್ನ, ಬಿಸಿ ಮತ್ತು ಬಿಲ್ಲಿನ ಕಥೆ ಮಾತ್ರ ಅದೇ.

ಹಾಗಂತ ಎಲ್‌ಇಡಿ ಮಾರೋರು ಸಾಚಾ ಅಂದ್ಕೋಬೇಡಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್. ತಿರುಗಿಸಿ ನೋಡಿದರೆ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ನಿಜವಾದ ಬಳಕೆ 100 ವ್ಯಾಟ್’. ಆ ಸಾಲೇ ನಮಗೆ ಬೇಕಾದ್ದು. ಲ್ಯೂಮೆನ್ ನೋಡಿ ಕೊಳ್ಳೋದೂ ಸುಮ್ನೆ. ಅದು ನಮ್ಮ ಕಣ್ಣಿನ ಲೆಕ್ಕ, ಹಸಿರು-ಹಳದಿಗೆ ಜಾಸ್ತಿ ಅಂಕ ಕೊಡುತ್ತದೆ. ಗಿಡದ ಲೆಕ್ಕ ಮೈಕ್ರೋಮೋಲ್‌ನಲ್ಲಿ, ಅಂದ್ರೆ ಬೆಳಕಿನ ಕಣಗಳ ಎಣಿಕೆ, ಅದೂ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ. ಒಂದು ಜೂಲ್ ಕರೆಂಟಿಗೆ ಎಷ್ಟು ಮೈಕ್ರೋಮೋಲ್ ಅಂತ ಕೇಳಿ. ಒಳ್ಳೆ ಎಲ್‌ಇಡಿ 2.5 ಅಥವಾ ಮೇಲೆ ಕೊಡುತ್ತದೆ. ಹಳೇ ಮಾದರಿ ಸೋಡಿಯಂ ಒಂದರ ಆಸುಪಾಸು, ಅದರಲ್ಲೇ ಎರಡೂ ತುದಿಗೆ ಕನೆಕ್ಷನ್ ಇರೋ ಹೊಸದು 1.7. ಈ ಅಂಕಿ ಎಲ್ಲೂ ಹಾಕಿಲ್ಲ ಅಂದ್ರೆ ಆ ದೀಪ ಬಿಟ್ಟುಬಿಡಿ.

ಎಲೆಯ ಮೇಲೆ ಚದರ ಮೀಟರಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ ಬಿದ್ದು 14 ಗಂಟೆ ಸಿಕ್ಕರೆ ಚದರ ಮೀಟರಿಗೆ ದಿನಕ್ಕೆ 10 ಮೋಲ್ ಆಯ್ತು. ಚಳಿಗಾಲ ದಾಟೋಕೆ ನನ್ನ ಪ್ರಕಾರ ಅಷ್ಟು ಸಾಕು. ಕಿಟಕಿ ಪಕ್ಕದ ತಣ್ಣನೆ ನೆಲದಲ್ಲಿ ಕುಂಡ ಇಟ್ಟರೆ ಮಾತ್ರ ಯಾವ ದೀಪ ಹಾಕಿದರೂ ಎಲೆ ಉದುರುತ್ತದೆ, ಕೆಳಗೊಂದು ಮಣೆ ಇಡಿ.

ಇನ್ನೊಂದು, ಆ ನೇರಳೆ ಬಣ್ಣದ ದೀಪ ಬೇಡ. ಗಿಡ ಬೆಳೆಯುತ್ತೆ, ನಿಜ. ಆದರೆ ಆ ಬೆಳಕಲ್ಲಿ ಎಲೆ ಎಲ್ಲ ಕಪ್ಪಗೆ ಕಾಣುತ್ತದೆ. ಹಳದಿಯಾಗಿದೆಯಾ, ದಂಟಿಗೆ ಶಲ್ಕ ಕೀಟ ಅಂಟಿದೆಯಾ, ಗೊತ್ತೇ ಆಗಲ್ಲ. ಬಿಳಿ ಎಲ್‌ಇಡಿಯೇ ತಗೊಳ್ಳಿ.